ತಪ್ಪದ ಗುರಿ, ತೂತು ಬಿದ್ದ ಕುಂಬಳಕಾಯಿ

ಕೊಂಡ್ಲಿಗುಡ್ಡದ ಪಾಳೆಯಗಾರ ಗಿರಿಯಪ್ಪ ನಾಯಕನಿಗೆ ಕೋವಿಯ ಹುಚ್ಚು. ಹುಚ್ಚು ಇರಲಿ ಬಿಡಿ, ದೊರೆಗಳಿಗೆ ಏನಾದರೊಂದು ಇರಲೇಬೇಕು. ಕಷ್ಟ ಏನೆಂದರೆ, ತನ್ನ ಗುರಿ ತಪ್ಪುವುದೇ ಇಲ್ಲ ಅಂತ ಆತ ನಂಬಿಬಿಟ್ಟಿದ್ದ.

“ನನ್ನ ಕೋವಿಯಿಂದ ಹೊರಟ ಗುಂಡು ಇವತ್ತಿನವರೆಗೆ ದಾರಿ ತಪ್ಪಿಲ್ಲ!” ಅಂದ ಒಂದು ಬೆಳಿಗ್ಗೆ, ತುಂಬಿದ ಸಭೆಯಲ್ಲಿ ಮೀಸೆ ತಿರುವಿ.

“ಹೌದು ಬುದ್ಧಿ, ಹೌದು!” ಅಂತ ಸಭೆಗೆ ಸಭೆಯೇ ತಲೆಯಾಡಿಸಿತು.

ಆಸ್ಥಾನದ ನಗೆಗಾರ ಮೈಲಾರಿಗೆ ನಾಲಿಗೆ ತುರಿಸಿತು. “ಅದರಲ್ಲೇನು ಸಂಶಯ ಬುದ್ಧಿ! ಬೇಟೆಯಲ್ಲಿ ಇಪ್ಪತ್ತು ಕೋವಿ ಒಟ್ಟಿಗೆ ಢಮ್ ಅಂದು, ಹೊಗೆ ಕವಿದು, ಹಂದಿ ಬಿದ್ದರೆ ಅದು ನಿಮ್ಮ ಗುಂಡಿಗೇ ಬಿದ್ದದ್ದು. ಗುಂಡು ತಾಗಿಸಿದವನಿಗೆ ಹಂದಿಯ ತಲೆ ಅನ್ನೋದು ನಮ್ಮ ಪದ್ಧತಿ. ಪಾಪ, ಇಷ್ಟು ವರ್ಷದಲ್ಲಿ ಬೇರೆ ಯಾರ ಮನೆಗೂ ಒಂದು ತಲೆ ಹೋಗಿಲ್ಲ.”

ನಾಯಕನ ಕಣ್ಣು ಕೆಂಪಗಾಯಿತು. “ಓಹೋ! ಹಾಗಾದರೆ ನಾಳೆ ಆ ಇಪ್ಪತ್ತು ಕೋವಿಯೂ ಬೇಡ. ಮೂಡಲ ಕಾಡಿನ ಒಂಟಿ ಹಂದಿಯ ಮುಂದೆ ನಾನೊಬ್ಬ, ಕೋವಿ ತುಂಬೋಕೆ ಪಕ್ಕದಲ್ಲಿ ನೀನೊಬ್ಬ. ನೆಲದ ಮೇಲೆ ನಿಂತೇ ಹೊಡೀತೀನಿ. ಬರಲ್ಲ ಅಂದೆಯೋ, ಇವತ್ತೇ ಊರು ಬಿಡು!”

ಮೈಲಾರಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆ ಕೋವಿಗೆ ಸಲಕ್ಕೆ ಒಂದೇ ಗುಂಡು. ಅದು ತಪ್ಪಿತೋ, ಮತ್ತೆ ನಳಿಗೆಯ ಬಾಯಿಗೆ ಮದ್ದು ಸುರಿದು, ತೆಂಗಿನ ನಾರು ಹಾಕಿ, ಗಜದ ಕೋಲಿನಿಂದ ಜಡಿದು, ಗುಂಡು ಇಳಿಸಿ, ಮತ್ತೆ ನಾರು ಜಡಿಯಬೇಕು. ಅಲ್ಲಿವರೆಗೆ ಕಾಯೋಕೆ ಹಂದಿಯೇನು ಬೀಗರ ಮನೆಗೆ ಬಂದಿರುತ್ತದೆಯೇ?

ಮನೆಯಲ್ಲಿ ಹೆಂಡತಿ ನಿಂಗವ್ವ ಹಣೆ ಚಚ್ಚಿಕೊಂಡಳು. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಿಮಗೆ ಎರಡೂ ಗೊತ್ತಿಲ್ಲ! ಈ ಹೊಟ್ಟೆ ಹೊತ್ತುಕೊಂಡು ಮರ ಹತ್ತೋಕಾದರೂ ಬರುತ್ತಾ?”

“ನಾನು ಮರ ಹತ್ತೋದಲ್ಲ ಕಣೇ. ದೊರೆಯನ್ನ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದಾರಲ್ಲ, ಅಲ್ಲಿಂದ ಇಳಿಸಬೇಕು. ಇವತ್ತು ಸಂಜೆಯೊಳಗೆ ಇಳಿಸದಿದ್ದರೆ ನಾಳೆ ನೀನು ಬಳೆ ಒಡೆದುಕೋಬೇಕು,” ಅಂದು ಮೈಲಾರಿ ಪೇಟ ಸುತ್ತಿಕೊಂಡು ಹೊರಟ.

ಬೇಟೆಯ ಹಿಂದಿನ ಸಂಜೆ ಕೋವಿಯ ಪರೀಕ್ಷೆ ಮಾಡುವುದು ಅಲ್ಲಿಯ ವಾಡಿಕೆ. ಮೈದಾನದ ಕೊನೆಯಲ್ಲಿ ಕಲ್ಲಿನ ಮೇಲೆ ಒಂದು ಬೂದುಗುಂಬಳಕಾಯಿ ಇಡುತ್ತಿದ್ದರು. ಮೊದಲ ಗುಂಡಿಗೆ ನಾಯಕನೇ ಕುಂಕುಮ ಹಚ್ಚಿ ಕೊಡಬೇಕು. ಗುರಿ ತಾಗಿತೋ ಇಲ್ಲವೋ ಎಂದು ಹೇಳಲು ಪುಟ್ಟರಸಯ್ಯ ಎಂಬ ಒಬ್ಬ ಪಾರುಪತ್ಯಗಾರನೂ ಇದ್ದ. “ಹತ್ತಿರದಿಂದ ನೋಡಿದರೆ ತಾನೇ ತೀರ್ಪು ಸರಿ?” ಅಂತ ಆತ ಕಲ್ಲಿನ ಹಿಂದೆಯೇ ಗುಂಡಿ ತೋಡಿಸಿಕೊಂಡು ಕೂರುತ್ತಿದ್ದ. ಕೋವಿ ಸಿಡಿಯುತ್ತಿತ್ತು, ಹೊಗೆ ಏಳುತ್ತಿತ್ತು. ಹೊಗೆ ಸರಿಯುವಷ್ಟರಲ್ಲಿ ಪುಟ್ಟರಸಯ್ಯ ನಟ್ಟನಡುವೆ ತೂತು ಬಿದ್ದ ಕಾಯಿಯನ್ನು ಎತ್ತಿ ಹಿಡಿದಿರುತ್ತಿದ್ದ. ಒಮ್ಮೆ ನಾಯಕ ಸೀನಿದ ರಭಸಕ್ಕೆ ಕೋವಿ ಆಕಾಶಕ್ಕೆ ಸಿಡಿದಿತ್ತು. ಅವತ್ತೂ ತೂತು ನಟ್ಟನಡುವೆಯೇ! ಮೈಲಾರಿಗೆ ಗುಮಾನಿ ಹುಟ್ಟಿದ್ದು ಅವತ್ತೇ.

“ಬುದ್ಧಿ, ನಾಳೆ ಕೋವಿ ತುಂಬೋನು ನಾನು. ಇವತ್ತೂ ನಾನೇ ತುಂಬ್ತೀನಿ, ಕೈ ಪಳಗಲಿ,” ಅಂದ ಮೈಲಾರಿ.

ನಾಯಕ ಕುಂಕುಮ ಹಚ್ಚಿದ ಗುಂಡನ್ನು ಅವನ ಕೈಗಿಟ್ಟ. ಮೈಲಾರಿ ಮದ್ದು ಸುರಿದ, ನಾರು ಹಾಕಿ ಜಡಿದ, ಗುಂಡು ಹಾಕುವ ಹಾಗೆ ಕೈ ಆಡಿಸಿದ, ಮತ್ತೆ ನಾರು ಜಡಿದ.

ಢಮ್! ಮೈದಾನವೆಲ್ಲ ಹೊಗೆ. ಹೊಗೆ ಸರಿದಾಗ ಪುಟ್ಟರಸಯ್ಯ ಕಾಯಿ ಎತ್ತಿ ಕುಣಿಯುತ್ತ ಬರುತ್ತಿದ್ದ. “ನಟ್ಟನಡುವೆ ಬುದ್ಧಿ! ದೃಷ್ಟಿ ತೆಗೆಸಬೇಕು ನಿಮ್ಮ ಕೈಗೆ!”

“ನೋಡಿದೆಯೇನೋ ಮೈಲಾರಿ?” ಅಂದ ನಾಯಕ.

“ನೋಡಿದೆ ಬುದ್ಧಿ. ನಿಮ್ಮಂಥ ಗುರಿಕಾರ ಮೂರು ಲೋಕದಲ್ಲೂ ಇಲ್ಲ. ಬೇರೆಯವರಿಗೆ ಗುರಿ ಹೊಡೆಯೋಕೆ ಗುಂಡು ಬೇಕು,” ಅಂದು ಮೈಲಾರಿ ಅಂಗೈ ಬಿಚ್ಚಿದ. ಕುಂಕುಮ ಮೆತ್ತಿದ ಗುಂಡು ಅಲ್ಲೇ ಕೂತಿತ್ತು.

ಎಲ್ಲರೂ ಗುಂಡು ನೋಡಲು ಮುಂದೆ ಬಾಗಿದರು. ಪುಟ್ಟರಸಯ್ಯ ಮಾತ್ರ, ಯಾರೂ ಕೇಳದೆಯೇ, “ಆ ಗುಂಡಿಯಲ್ಲಿರೋ ಕಬ್ಬಿಣದ ಸರಳು ನನ್ನದಲ್ಲ ಬುದ್ಧಿ!” ಅಂತ ಕೂಗಿಕೊಂಡ. ಸರಳಿನ ಮಾತನ್ನು ಅಲ್ಲಿಯವರೆಗೆ ಒಂದು ನರಪಿಳ್ಳೆಯೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು.

ನಾಯಕನ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಆಯಿತು. ಇಷ್ಟು ವರ್ಷ ತಾನು ಹೊಡೆದದ್ದು ಬರೀ ಗಾಳಿಗೆ! ಪಾಪ, ಅನ್ನಿಸುವ ಹಾಗಿತ್ತು. ಮರುಕ್ಷಣವೇ ಅವಮಾನ ಸಿಟ್ಟಾಗಿ ಮೈಲಾರಿಯ ಮೇಲೆ ತಿರುಗಿತು.

“ಬರಿಗೋವಿ ಕೊಟ್ಟು ನನ್ನ ಮಾನ ಕಳೆದೆಯಲ್ಲೋ! ನಾಳೆ ಬೇಟೆ ನಡೆದೇ ತೀರುತ್ತೆ. ಹಂದಿಯ ಎದುರು ನೀನು ನಿಲ್ಲಲೇಬೇಕು. ಏನಂತೀಯ?”

ಮೈಲಾರಿ ಕೈ ಮುಗಿದ. “ಧಾರಾಳವಾಗಿ ನಿಲ್ತೀನಿ ಬುದ್ಧಿ. ಒಂದೇ ಒಂದು ಬೇಡಿಕೆ. ಇಲ್ಲಿ ಕುಂಬಳಕಾಯಿಯ ಹಿಂದೆ ಕೂತ ಹಾಗೆ, ನಾಳೆ ಹಂದಿಯ ಹಿಂದೆಯೂ ಪುಟ್ಟರಸಯ್ಯನವರೇ ಕೂತಿರಲಿ. ನೀವು ಹೊಗೆ ಎಬ್ಬಿಸಿ ಸಾಕು, ಮಿಕ್ಕಿದ್ದನ್ನ ಅವರು ಸರಳು ಹಿಡಿದು ನೋಡಿಕೊಳ್ತಾರೆ!”

ಪುಟ್ಟರಸಯ್ಯ ಕಾಯಿಯನ್ನು ಅಲ್ಲೇ ಬಿಟ್ಟು ಗುಂಪಿನ ಹಿಂದೆ ಸರಿದ. ನಾಯಕ ಹಲ್ಲು ಕಚ್ಚಿ ಸಿಟ್ಟು ಉಳಿಸಿಕೊಳ್ಳಲು ನೋಡಿದ, ಆಗಲಿಲ್ಲ. ಪೇಟ ಬಿಚ್ಚಿಹೋಗುವ ಹಾಗೆ ನಕ್ಕ. ನಕ್ಕು ಸಾಕಾಗಿ, ಕೈಯಲ್ಲಿದ್ದ ಚಿನ್ನದ ಕಡಗ ತೆಗೆದು ಮೈಲಾರಿಗೆ ತೊಡಿಸಿದ.

“ಬೇಟೆ ಬೇಡ ಕಣೋ,” ಅಂದ ಕಣ್ಣೊರೆಸಿಕೊಳ್ಳುತ್ತ. “ಹಂದಿಯೂ ಬದುಕಲಿ, ನಾವೂ ಬದುಕೋಣ.”