ಸಾಂಚಾಳ ಹೊಗೆ

ರೈಲು ಇಳಿದು ಊರಿನ ಹಳೆಯ ಚೌಕಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಬಾಗಿಲಿಲ್ಲದ ಒಂದು ಕಲ್ಲಿನ ಮನೆ. ಸ್ಪೇನ್ ದೇಶದ ನಡುವಣ ಬಯಲಿನಲ್ಲಿರುವ ನಮ್ಮ ಈ ಪುಟ್ಟ ಊರಿಗೆ ‘ಊಮೊ ದೆ ಸಾಂಚಾ’, ಅಂದರೆ ಸಾಂಚಾಳ ಹೊಗೆ ಎಂದು ಹೆಸರು. ಹಿಂದೆ ಇಲ್ಲಿ ಇದ್ದಿಲು ಸುಡುತ್ತಿದ್ದರು, ಅದಕ್ಕೇ ಈ ಹೆಸರು ಎಂದು ಪಕ್ಕದ ಊರಿನವರು ಹೇಳುವುದುಂಟು. ಅವರಿಗೆ ನಮ್ಮ ಮೇಲೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಆ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಹಿಂದೆ ಒಮ್ಮೆ, ಎಂಟುನೂರು ವರ್ಷಗಳಿಗೂ ಮೊದಲು, ಇಲ್ಲಿ ಗಾಳಿ ಮತ್ತು ಮುಳ್ಳುಪೊದೆ ಬಿಟ್ಟರೆ ಏನೂ ಇರಲಿಲ್ಲ ಎನ್ನುತ್ತಾರೆ. ಉತ್ತರದ ಬೆಟ್ಟಗಳಿಂದ ಮೂವತ್ತು ಸಂಸಾರಗಳು ಎತ್ತಿನ ಗಾಡಿಗಳಲ್ಲಿ ಬಂದಿಳಿದವು. ರಾಜನು ಅವರಿಗೆ ಈ ನೆಲದ ಸನದು ಬರೆದುಕೊಟ್ಟಿದ್ದ. ಅದರ ಷರತ್ತು ಹೀಗಿತ್ತು: ಮೂರನೆಯ ವರ್ಷದ ಸಂತ ಮಾರ್ತೀನನ ಹಬ್ಬದ ಬೆಳಿಗ್ಗೆ ಅಧಿಕಾರಿಯೊಬ್ಬ ಎದುರು ಗುಡ್ಡದ ಮೇಲೆ ನಿಂತು ಹೊಗೆ ಎಣಿಸುತ್ತಾನೆ. ಮೂವತ್ತು ಹೊಗೆಗೂಡುಗಳಿಂದ ಹೊಗೆ ಎದ್ದರೆ ನೆಲ ಅವರದು, ಒಂದು ಕಡಿಮೆಯಾದರೂ ಎಲ್ಲರೂ ಜಾಗ ಬಿಡಬೇಕು. ಆ ಮೂವತ್ತನ್ನೂ ಕಟ್ಟಿದವನು ಬೆಲಾಸ್ಕೊ ಎಂಬ ಗಾರೆ ಕೆಲಸದವನು. ತನ್ನ ಮನೆಯದನ್ನು ಎಲ್ಲಕ್ಕಿಂತ ಕೊನೆಗೆ ಕಟ್ಟಿದ. ಎಣಿಕೆಗೆ ಮೂರು ದಿನ ಇರುವಾಗ ಜ್ವರ ಬಂದು ತೀರಿಕೊಂಡ.

ಸಾವಾದ ಮನೆಯಲ್ಲಿ ಒಂಬತ್ತು ದಿನ ಒಲೆ ಹಚ್ಚಬಾರದೆಂಬುದು ಆ ಬೆಟ್ಟದ ಜನರ ಕಟ್ಟಳೆ. ಅಷ್ಟು ದಿನ ಸತ್ತವನ ಜೀವ ತಣ್ಣಗಿನ ಒಲೆಯ ಪಕ್ಕದಲ್ಲೇ ಕುಳಿತಿರುತ್ತದೆ, ಬೆಂಕಿ ಕಂಡರೆ ತನ್ನನ್ನು ಮರೆತರೆಂದು ಎದ್ದು ಹೋಗುತ್ತದೆ, ಮತ್ತೆ ಮನೆಯ ದಾರಿ ಸಿಗದೆ ಅಲೆಯುತ್ತದೆ ಎಂದು ಅವರು ನಂಬಿದ್ದರು. ಆ ಒಲೆಯನ್ನು ಮನೆಯೊಡತಿಯಲ್ಲದೆ ಬೇರೆಯವರು ಮುಟ್ಟುವಂತಿರಲಿಲ್ಲ. ಮನೆಯ ಸೌದೆಯನ್ನು ಸಾವಿನ ದಿನವೇ ನೆರೆಯವರಿಗೆ ಹಂಚಿಬಿಡುತ್ತಿದ್ದರು. ಒಂಬತ್ತು ದಿನ ಕಳೆಯುವವರೆಗೆ ಒಂದು ಕಡ್ಡಿಯೂ ಒಳಗೆ ಬರುವಂತಿಲ್ಲ. ಹಬ್ಬದ ಹಿಂದಿನ ಸಂಜೆ ಊರಿನ ಹಿರಿಯ ಫೋರ್ತೂನ್ ಗುಡ್ಡ ಹತ್ತಿ, ಆಗಲೇ ಬಂದು ಬೀಡುಬಿಟ್ಟಿದ್ದ ಅಧಿಕಾರಿಯನ್ನು ಒಂಬತ್ತು ದಿನ ಮುಗಿಯುವವರೆಗೆ ಕಾಯಿರೆಂದು ಬೇಡಿಕೊಂಡ. ಸನದಿನಲ್ಲಿ ಸಾವಿನ ವಿಷಯ ಬರೆದಿಲ್ಲ ಎಂದಷ್ಟೇ ಹೇಳಿ ಆತ ಮುಖ ತಿರುಗಿಸಿದ.

ಹಬ್ಬದ ಬೆಳಿಗ್ಗೆ ಇಪ್ಪತ್ತೊಂಬತ್ತು ಮನೆಗಳಿಂದ ಹೊಗೆ ಎದ್ದಿತು. ಫೋರ್ತೂನ್ ಬೆಲಾಸ್ಕೊನ ಹೆಂಡತಿ ಸಾಂಚಾಳ ಹೊಸ್ತಿಲಲ್ಲಿ ಟೊಪ್ಪಿಗೆ ತೆಗೆದು ನಿಂತ.

“ಕೇಳೋಕೆ ಬಾಯಿ ಬರ್ತಿಲ್ಲ, ತಾಯಿ,” ಎಂದ.

“ನೀವು ಕೇಳ್ಬೇಡಿ,” ಎಂದಳು ಸಾಂಚಾ. “ಈ ಗೂಡನ್ನೂ ಅವನೇ ಕಟ್ಟಿದ್ದು. ಇದರಿಂದಲೇ ಊರು ಹಾಳಾಯ್ತು ಅನ್ನೋ ಮಾತು ಅವನಿಗೆ ಬರಬಾರದು.”

ಅವಳು ಮನೆಯ ಬಾಗಿಲನ್ನೇ ಕಳಚಿ, ಗಂಡನ ಸುತ್ತಿಗೆಯಿಂದ ಒಡೆದು, ಒಲೆಗೆ ಒಟ್ಟಿದಳು. ಕಿಡಿ ತಾಗಿಸುವ ಮೊದಲು ಒಲೆಯ ಪಕ್ಕದ ಖಾಲಿ ಪೀಠದ ಕಡೆ ತಿರುಗಿ, “ಸ್ವಲ್ಪ ಹೊತ್ತು ಹೊರಗೆ ನಿಂತ್ಕೊ, ಬೆಲಾಸ್ಕೊ. ಎಣಿಸೋನು ಹೋದ ಮೇಲೆ ನಾನೇ ಕರೀತೀನಿ,” ಎಂದಳಂತೆ. ಅಧಿಕಾರಿ ಮೂವತ್ತು ಎಣಿಸಿ ಗುಡ್ಡದ ಆಚೆ ಇಳಿದು ಹೋದ. ಸಾಂಚಾ ಬೆಂಕಿಗೆ ನೀರು ಹೊಯ್ದು, ಬರಿದಾದ ಬಾಗಿಲಲ್ಲಿ ನಿಂತು, ಸೂರ್ಯ ಮುಳುಗುವವರೆಗೂ ಗಂಡನನ್ನು ಹೆಸರು ಹಿಡಿದು ಕರೆದಳು.

ಅವನು ಬಂದನೋ ಇಲ್ಲವೋ, ಅವಳು ಯಾರಿಗೂ ಹೇಳಲಿಲ್ಲ. ಬಡಗಿಗಳು ಹೊಸ ಬಾಗಿಲು ತಂದರೆ, ಬಂದವನು ತಟ್ಟಿ ಕಾಯುವಂತಾಗಬಾರದು ಎಂದು ಹಿಂದಕ್ಕೆ ಕಳಿಸುತ್ತಿದ್ದಳು. ಒಳಗೆ ಹಿಮ ಬೀಳುತ್ತಿದ್ದರೂ ನಲವತ್ತು ಚಳಿಗಾಲ ಹಾಗೆಯೇ ಬದುಕಿದಳು ಎನ್ನುತ್ತಾರೆ.

ಮೂವತ್ತು ಮನೆಗಳು ಮುನ್ನೂರಾದವು. ಇಗರ್ಜಿ ಎದ್ದಿತು, ಉಣ್ಣೆಯ ಸಂತೆ ಬಂತು, ಹೊಳೆಗೆ ಸೇತುವೆಯಾಯಿತು. ನನ್ನ ಅಜ್ಜನ ಕಾಲಕ್ಕೆ ರೈಲೂ ಬಂತು. ಚೌಕದ ಆ ಮನೆಯ ಚಾವಣಿಯನ್ನು ನಾವು ತಲೆಮಾರಿಗೊಮ್ಮೆ ಹೊಸದಾಗಿ ಹೊದಿಸುತ್ತೇವೆ, ಹೊಗೆಗೂಡಿಗೆ ಗಾರೆ ಬಳಿಯುತ್ತೇವೆ. ಬಾಗಿಲು ಮಾತ್ರ ಇಡುವುದಿಲ್ಲ. ದುರಸ್ತಿ ಇನ್ನೂ ಮುಗಿದಿಲ್ಲವೇ ಎಂದು ಬಂದವರು ಕೇಳುತ್ತಾರೆ. ಅವನು ಇನ್ನೂ ಬಂದಿಲ್ಲ ಎನ್ನುತ್ತೇವೆ.