ಬೀಗದೊಳಗಿನ ಖಾಲಿ ಸಿಲಿಂಡರುಗಳು

“ಇಬ್ಬರು ಕೂಡಿ ಕೆಲಸ ಮಾಡುವಾಗ ಮೊದಲು ಯಾರು ನಂಬಬೇಕು?” ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದನಂತೆ. ನನಗಿದನ್ನು ಮೊದಲು ಹೇಳಿದವರು ನರ್ಸಿಂಗ್ ಕಲಿಸುತ್ತಿದ್ದ ಕಮಲಾಕ್ಷಿ ಟೀಚರ್. ಗುರುಗಳು ನೇರವಾಗಿ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಅವರನ್ನು ಗುರುಗಳೆಂದು ಯಾರು ಕರೆಯುತ್ತಿದ್ದರು? ಕತೆ ಹೇಳಿದರು.

ಒಂದು ಆಸ್ಪತ್ರೆ. ಅಲ್ಲೊಬ್ಬ ಉಗ್ರಾಣದವನು. ಆಕ್ಸಿಜನ್ ಸಿಲಿಂಡರು ಖಾಲಿಯಾದರೆ ಅದನ್ನು ವ್ಯಾಪಾರಿಗೆ ಮರಳಿಸಬೇಕು. ವ್ಯಾಪಾರಿ ಅದನ್ನೇ ತುಂಬಿಸಿ ತರಬೇಕು. ಹಿಂದೊಮ್ಮೆ ವ್ಯಾಪಾರಿಯ ಲಾರಿ ತಡವಾಗಿ ಬಂದಿತ್ತು. ಅಂದಿನಿಂದ ಉಗ್ರಾಣದವನಿಗೆ ಒಂದೇ ಚಿಂತೆ: ಕೊಟ್ಟದ್ದನ್ನು ತುಂಬಿಸಿ ಬೇರೆ ಆಸ್ಪತ್ರೆಯಲ್ಲಿ ಇಳಿಸಿಬಿಟ್ಟರೆ? ಖಾಲಿಯಾದವನ್ನು ಹಿಂದಿನ ಕೋಣೆಗೆ ಉರುಳಿಸಿ ಬೀಗ ಹಾಕತೊಡಗಿದ. ವ್ಯಾಪಾರಿ ಕೇಳಿದರೆ, “ಎಲ್ಲ ವಾರ್ಡಿನಲ್ಲಿವೆ” ಎನ್ನುತ್ತಿದ್ದ. ಬೀಗ ಹಾಕಿಯೂ ನೆಮ್ಮದಿಯಿಲ್ಲ. ಹೋಗುತ್ತ ಬರುತ್ತ ಅದನ್ನೊಮ್ಮೆ ಎಳೆದು ನೋಡುವನು.

ಒಂದು ಮಧ್ಯಾಹ್ನ ಮಕ್ಕಳ ವಾರ್ಡು ತುಂಬಿತು. ಉಸಿರಿಗೆ ಒದ್ದಾಡುತ್ತಿದ್ದ ಒಂದು ಮಗುವಿಗೆ ತುಂಬಿದ್ದ ಕೊನೆಯ ಸಿಲಿಂಡರು ಹೋಯಿತು. ಅದರ ಮೀಟರಿನ ಮುಳ್ಳು ಇಳಿಯುತ್ತಿತ್ತು. ಉಗ್ರಾಣದವನು ಕೂರಲಾರ, ನಿಲ್ಲಲಾರ. ವ್ಯಾಪಾರಿಗೆ ಫೋನು ಮಾಡಿದ.

“ಗ್ಯಾಸು ಬೇಕಾದಷ್ಟಿದೆ ಸ್ವಾಮಿ. ತುಂಬಿಸೋಕೆ ಸಿಲಿಂಡರೇ ಇಲ್ಲ. ಯಾವ ಆಸ್ಪತ್ರೆಯವರನ್ನು ಕೇಳಿದರೂ ವಾರ್ಡಿನಲ್ಲಿವೆ ಅಂತಾರೆ. ನಿಮ್ಮ ಹತ್ತಿರ ಖಾಲಿ ಇವೆಯಾ?”

‘ಇಲ್ಲ’ ಎಂಬ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂತು. ವಾರ್ಡಿನ ಕಡೆ ನೋಡಿ ಅದನ್ನು ನುಂಗಿಕೊಂಡ. “ಇವೆ, ಬೇಗ ಬನ್ನಿ” ಎಂದ.

ವ್ಯಾಪಾರಿ ಬಂದ. ಬೀಗ ತೆಗೆದ ಕೋಣೆಯನ್ನು ನೋಡಿ, “ಇವೇನು ಮರಿ ಹಾಕಲಿ ಅಂತ ಕೂಡಿಟ್ಟಿದ್ರಾ?” ಎಂದ.

“ಕೊಟ್ಟರೆ ಬೇರೆಯವರ ಪಾಲಾದಾವು ಅಂತ.”

ವ್ಯಾಪಾರಿ ಎಲ್ಲವನ್ನೂ ಲಾರಿಗೆ ಏರಿಸಿಕೊಂಡು ಹೊರಟ. ಈಗ ಉಗ್ರಾಣದವನ ಬಳಿ ತುಂಬಿದ್ದೂ ಇಲ್ಲ, ಖಾಲಿಯೂ ಇಲ್ಲ. ಎಳೆದು ನೋಡಲು ಬಾಗಿಲಿಗೆ ಬೀಗವೂ ಇಲ್ಲ. ಗೇಟಿಗೂ ವಾರ್ಡಿಗೂ ತಿರುಗುತ್ತಲೇ ಇದ್ದ. ಮುಳ್ಳು ತಳ ಮುಟ್ಟುವ ಮೊದಲು ಲಾರಿ ಬಂತು. ಮಗು ಉಳಿಯಿತು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆ ಲಾರಿ ತಿರುಗಿ ಬಾರದೆ ಹೋಗಿದ್ದರೆ, ಗುರುಗಳೇ?” ಎಂದ.

ಅದಕ್ಕೆ ಗುರುಗಳು ಹೇಳಿದರು:

“ಬಾರದೆಯೂ ಇರಬಹುದಿತ್ತು; ಬೀಗದೊಳಗೇ ಇದ್ದಿದ್ದರೆ ಮಾತ್ರ ಅವು ಎಂದೂ ತುಂಬುತ್ತಿರಲಿಲ್ಲ. ಈ ಕತೆಯನ್ನೂ ಬೀಗ ಹಾಕಿ ಇಡಬೇಡ, ಯಾರಿಗಾದರೂ ಕೊಟ್ಟು, ಖಾಲಿಯಾಗಿ ಬಾ.”