ನರಿಯ ಹೋಟೆಲ್ಲೂ ಗೀಜಗನ ದೂರೂ

ಒಂದು ಕಾಡಿನಲ್ಲಿ, ಹೊಳೆಯ ಮೇಲೆ ಬಾಗಿ ನಿಂತ ಜಾಲಿಮರದಲ್ಲಿ, ಹೊನ್ನಯ್ಯ ಎಂಬ ಗೀಜಗ ಗೂಡು ಹೆಣೆಯುತ್ತಿದ್ದ. ಗೀಜಗನ ಗೂಡೆಂದರೆ ಹುಡುಗಾಟವಲ್ಲ. ಹಸಿ ಹುಲ್ಲನ್ನು ಸೀಳಿ ತರಬೇಕು, ಕೊಕ್ಕಿನಿಂದಲೇ ಗಂಟು ಹಾಕಬೇಕು, ಮತ್ತೆ ಹಾರಬೇಕು. ಒಂದು ಗೂಡು ಮುಗಿಯುವ ಹೊತ್ತಿಗೆ ಐನೂರು ಸಲವಾದರೂ ಹೋಗಿಬಂದು ರೆಕ್ಕೆ ಸೋತಿರುತ್ತದೆ. ಗೂಡು ಒಂದು ಹದಕ್ಕೆ ಬಂದಾಗ ಹೆಣ್ಣು ಗೀಜಗ ನೋಡಲು ಬರುತ್ತಾಳೆ. ಎಳೆದು, ಜಗ್ಗಿ, ಕುಕ್ಕಿ ಪರೀಕ್ಷೆ ಮಾಡುತ್ತಾಳೆ. ಒಪ್ಪಿದಳೋ ಸಂಸಾರ, ಇಲ್ಲವೋ ಆ ಮಳೆಗಾಲವೆಲ್ಲ ಒಂಟಿ. ಹಾಗಾಗಿ ಹೊನ್ನಯ್ಯನಿಗೆ ಕಾಳು ಹುಡುಕಿ ತಿನ್ನಲೂ ಪುರುಸೊತ್ತಿರಲಿಲ್ಲ.

ಹೊಳೆಯ ದಂಡೆಯಲ್ಲೇ ಜಂಬಯ್ಯ ಎಂಬ ನರಿ ಹೋಟೆಲ್ ಇಟ್ಟಿದ್ದ. ಮಾತು ಬೆಲ್ಲ, ಕೈ ಬಿಗಿ. ಹಿಂದಿನ ದಿನ ಉಳಿದದ್ದನ್ನು ಎಸೆಯಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಹೊನ್ನಯ್ಯ ಅಲ್ಲಿಗೇ ಇಳಿದ.

"ಬಾರಯ್ಯ ಬಾ! ನವಣೆ ಉಸಲಿ ಇದೆ, ಮೇಲೆ ಹುರಿದ ಗೆದ್ದಲು. ಈಗಷ್ಟೇ ಒಲೆಯಿಂದ ಇಳಿಸಿದ್ದು" ಎಂದ ಜಂಬಯ್ಯ.

"ಏನೋ ಹುಳಿ ವಾಸನೆ ಬರ್ತಿದೆಯಲ್ಲ, ಜಂಬಣ್ಣ?"

"ನಿಂಬೆಹಣ್ಣು ಹಿಂಡಿದ್ದೀನಿ ಕಣಯ್ಯ. ರುಚಿ ಗೊತ್ತಿಲ್ಲದವರ ಹಾಗೆ ಮಾತಾಡಬೇಡ."

ಹೊಟ್ಟೆ ಹಸಿದಿತ್ತು. ಹೊನ್ನಯ್ಯ ಗಬಗಬನೆ ತಿಂದ. ಸಂಜೆಯೊಳಗೆ ಹೊಟ್ಟೆ ಕಿವುಚಿತು. ವಾಂತಿ ಶುರುವಾಯಿತು, ಆಮೇಲೆ ಭೇದಿ. ಮರದಿಂದ ಇಳಿಯಲೂ ಆಗಲಿಲ್ಲ, ಮರದಲ್ಲಿ ಕೂರಲೂ ಆಗಲಿಲ್ಲ. ಪಾಪ, ಅವನ ಪಾಡು ಯಾರಿಗೂ ಬೇಡ.

ಕಾಡಿಗೆಲ್ಲ ಔಷಧಿ ಕೊಡುತ್ತಿದ್ದವಳು ಆಮೆ ಗಂಗಜ್ಜಿ. ಅವಳು ಬಂದು ಕಷಾಯ ಕುಡಿಸಿದಳು. ಅವನ ನಾಲಗೆ ನೋಡಿದಳು, ಕಣ್ಣು ನೋಡಿದಳು, ಏನು ತಿಂದೆ ಎಂದು ಕೇಳಿದಳು.

"ಹಳಸಿದ್ದು ತಿಂದಿದ್ದೀಯ ಮಗಾ. ಸಾಯಲ್ಲ, ಹೆದರಬೇಡ. ಆದರೆ ನಾಲ್ಕೈದು ದಿನ ರೆಕ್ಕೆ ಬಿಚ್ಚೋ ಹಾಗಿಲ್ಲ."

ಹೊನ್ನಯ್ಯ ಅತ್ತೇಬಿಟ್ಟ. "ಅಜ್ಜಿ, ಐದು ದಿನ ಬಿಟ್ಟರೆ ಗೂಡು ಒಣಗಿ ಕಡ್ಡಿಯಾಗತ್ತೆ. ಒಣಗಿದ ಹುಲ್ಲಿಗೆ ಹಸಿ ಹುಲ್ಲು ಹೆಣೆಯೋಕಾಗಲ್ಲ. ಮೊದಲಿಂದ ಶುರು ಮಾಡಬೇಕು. ಅಷ್ಟರಲ್ಲಿ ನೋಡೋಕೆ ಬರುವವಳು ಬೇರೆ ಮರಕ್ಕೆ ಹೋಗಿರ್ತಾಳೆ!"

"ಅಳೋದು ಆಮೇಲೆ ಅಳು. ದೊಡ್ಡಮ್ಮನ ಹತ್ತಿರ ದೂರು ಕೊಡು. ನಿನ್ನ ಹೊಟ್ಟೆ ಯಾಕೆ ಕೆಟ್ಟಿತು ಅಂತ ನಾನು ಬಂದು ಹೇಳ್ತೀನಿ."

ದೊಡ್ಡಮ್ಮ ಎಂದರೆ ಆನೆ. ಆಲದ ಮರದ ಕೆಳಗೆ ನ್ಯಾಯ ಹೇಳುತ್ತಿದ್ದಳು. ಹೊನ್ನಯ್ಯ ಕಾಗೆಯ ಕೈಲಿ ದೂರು ಹೇಳಿಕಳಿಸಿದ. ಐದನೆಯ ದಿನ ಬಾ ಎಂದು ದೊಡ್ಡಮ್ಮನಿಂದ ಉತ್ತರ ಬಂತು.

ಸುದ್ದಿ ಕೇಳಿದ್ದೇ ತಡ, ಜಂಬಯ್ಯ ಮರದ ಬುಡಕ್ಕೆ ಓಡಿಬಂದ.

"ಏನಯ್ಯ ಹೊನ್ನಯ್ಯ, ನಾವು ನಾವು ಕೂತು ಮಾತಾಡಿದ್ರೆ ಆಗ್ತಿರಲಿಲ್ವಾ? ದೂರು ಗೀರು ಎಲ್ಲ ಯಾಕೆ? ವಾಪಸ್ ತಗೋ. ಒಂದು ತಿಂಗಳು ನಿನಗೆ ನನ್ನ ಹೋಟೆಲಲ್ಲಿ ಬಿಟ್ಟಿ ಊಟ!"

"ಒಂದು ಹೊತ್ತು ತಿಂದಿದ್ದಕ್ಕೇ ಈ ಗತಿ ಬಂತು. ಒಂದು ತಿಂಗಳು ತಿಂದರೆ ನನ್ನ ತಿಥಿ ಊಟಾನೂ ನೀನೇ ಹಾಕಬೇಕಾಗತ್ತೆ" ಎಂದ ಹೊನ್ನಯ್ಯ.

ಜಂಬಯ್ಯನ ಮುಖ ಗಂಟಿಕ್ಕಿತು. "ಸರಿ, ಬಾ ನೋಡೋಣ. ಸಾಕ್ಷಿ ಎಲ್ಲಿದೆ ನಿನ್ನ ಹತ್ತಿರ?" ಎಂದು ಬಾಲ ಒದರಿಕೊಂಡು ಹೋದ.

ಸಾಕ್ಷಿ ಎಂದಾಗ ಒಂದು ಮಾತು ಹೇಳಬೇಕು. ಆ ಕಾಡಿನಲ್ಲಿ ಒಂದು ಕಟ್ಟಳೆ ಇತ್ತು. ಊಟ ಹಾಕುವವರು ಆಯಾ ದಿನದ ಅಡುಗೆಯಲ್ಲಿ ಒಂದು ಹಿಡಿ ತೆಗೆದು, ಎಲೆಯಲ್ಲಿ ಸುತ್ತಿ, ಹಸಿ ಹುಲ್ಲಿನಿಂದ ಬಿಗಿದು, ಎಂಟು ದಿನ ತಂಪಾದ ಪೊಟರೆಯಲ್ಲಿ ಇಡಬೇಕಿತ್ತು. ಅದನ್ನು ಸಾಕ್ಷಿತುತ್ತು ಎನ್ನುತ್ತಿದ್ದರು. ಪೊಟರೆಯ ತಂಪಿಗೆ ಅಡುಗೆ ಇಟ್ಟಾಗ ಹೇಗಿತ್ತೋ ಹಾಗೇ ಉಳಿಯುತ್ತಿತ್ತು. ತಿಂದವರಿಗೆ ಏನಾದರೂ ಆದರೆ ಆ ಗಂಟನ್ನು ನ್ಯಾಯದ ಎದುರು ಬಿಚ್ಚಿ ನೋಡುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ಆಲದ ಮರದ ಕೆಳಗೆ ಕಾಡೇ ನೆರೆದಿತ್ತು. ಹೊನ್ನಯ್ಯ ತೂರಾಡುತ್ತ ಹಾರಿಬಂದು ಒಂದು ಬಿಳಲಿನ ಮೇಲೆ ಕುಳಿತ. ಆದದ್ದನ್ನೆಲ್ಲ ಹೇಳಿದ. ಗಂಗಜ್ಜಿ ಹಳಸಿದ ಊಟದ ಕಾಯಿಲೆ ಎಂದು ಸಾಕ್ಷಿ ನುಡಿದಳು.

ಜಂಬಯ್ಯ ಕೈಮುಗಿದು ಎದ್ದ. "ದೊಡ್ಡಮ್ಮಾ, ಇವನು ಗದ್ದೆಯಲ್ಲಿ ಯಾವ ಹುಳ ತಿಂದನೋ ಯಾರಿಗೆ ಗೊತ್ತು? ನನ್ನ ಮೇಲೆ ಹಾಕ್ತಿದ್ದಾನೆ. ಕಟ್ಟಳೆ ಪ್ರಕಾರ ಅವತ್ತಿನ ಸಾಕ್ಷಿತುತ್ತು ತಂದಿದ್ದೀನಿ. ನೀವೇ ಬಿಚ್ಚಿ ನೋಡಿ."

ದೊಡ್ಡಮ್ಮ ಗಂಟು ಬಿಚ್ಚಿ ಸೊಂಡಿಲಿನಿಂದ ಮೂಸಿದಳು. ಉಸಲಿ ಘಮಘಮ ಎನ್ನುತ್ತಿತ್ತು. ಗುಂಪಿನಲ್ಲಿ ಗುಸುಗುಸು ಎದ್ದಿತು. ಹೊನ್ನಯ್ಯನ ಎದೆ ಧಸಕ್ಕೆಂದಿತು. ಗೂಡು ಹೋಯಿತು, ಮಳೆಗಾಲವೂ ಹೋಯಿತು, ಈಗ ಸುಳ್ಳುಗಾರ ಎಂಬ ಹೆಸರೂ ಬಂತು ಎಂದುಕೊಂಡ.

ಆಗ ಅವನ ಕಣ್ಣು ಗಂಟು ಕಟ್ಟಿದ್ದ ಹುಲ್ಲಿನ ಮೇಲೆ ಬಿತ್ತು.

"ದೊಡ್ಡಮ್ಮಾ, ಆ ಹುಲ್ಲನ್ನು ಒಂದು ಸಲ ಕೊಡ್ತೀರಾ?"

ಕೊಕ್ಕಿನಲ್ಲಿ ಹಿಡಿದ. ಬಾಗಿಸಿದ. ತಿರುಚಿದ. ಗಂಟು ಹಾಕಿ ಬಿಚ್ಚಿದ. ಹುಲ್ಲು ಎಲ್ಲೂ ಮುರಿಯಲಿಲ್ಲ.

"ಇದು ಇವತ್ತು ಬೆಳಿಗ್ಗೆ ಕಿತ್ತ ಹುಲ್ಲು. ತುದಿಯಲ್ಲಿ ಇನ್ನೂ ರಸ ಒಸರ್ತಿದೆ. ನಾನು ಹುಲ್ಲಲ್ಲೇ ಹುಟ್ಟಿ ಹುಲ್ಲಲ್ಲೇ ಬೆಳೆದವನು, ತಾಯಿ. ಐದು ದಿನದ ಹುಲ್ಲು ಎಷ್ಟು ತಂಪಲ್ಲಿದ್ರೂ ಹಳದಿಯಾಗತ್ತೆ, ಬಾಗಿಸಿದ್ರೆ ಪಟಕ್ಕನೆ ಮುರಿಯತ್ತೆ. ನಂಬಿಕೆ ಇಲ್ಲದಿದ್ರೆ ನನ್ನ ಅರ್ಧ ಗೂಡನ್ನ ಹೋಗಿ ಮುಟ್ಟಿ ನೋಡಿ. ಅದೂ ಐದು ದಿನದ್ದೇ."

"ನಾನು... ನಾನು ಹುಲ್ಲಿಗೆ ದಿನಾ ನೀರು ಚಿಮುಕಿಸ್ತೀನಿ!" ಎಂದ ಜಂಬಯ್ಯ.

"ಹಾಗಿದ್ರೆ ಕೊಳೆತಿರಬೇಕಿತ್ತಲ್ಲ" ಎಂದ ಹೊನ್ನಯ್ಯ.

ಗುಂಪು ಗೊಳ್ಳೆಂದು ನಕ್ಕಿತು. ಆ ನಗುವಿಗೆ ಧೈರ್ಯ ಬಂದು, ಹಿಂದೆ ಅಡಗಿ ಕುಳಿತಿದ್ದ ಅಳಿಲು ಪುಟ್ಟತಾಯಿ ಮುಂದೆ ಬಂದಳು. "ಅವತ್ತು ನಾನೂ ಅದೇ ಉಸಲಿ ತಿಂದೆ, ದೊಡ್ಡಮ್ಮಾ. ಮೂರು ದಿನ ಮಲಗಿದ್ದೆ. ಯಾರು ನಂಬ್ತಾರೆ ಅಂತ ಸುಮ್ಮನಿದ್ದೆ." ಅವಳ ಹಿಂದೆಯೇ ಮುಂಗುಸಿ ಬಂದ, ಮೊಲ ಬಂದ. ಎಲ್ಲರ ಹೊಟ್ಟೆಯ ಕಥೆಯೂ ಒಂದೇ.

ದೊಡ್ಡಮ್ಮ ಜಂಬಯ್ಯನ ಕಡೆ ತಿರುಗಿದಳು. "ನಿಜವಾದ ಸಾಕ್ಷಿತುತ್ತು ಎಲ್ಲಿ?"

ಜಂಬಯ್ಯ ನೆಲ ನೋಡಿದ. "ಇಟ್ಟೇ ಇಲ್ಲ, ತಾಯಿ. ದಿನಾ ಒಂದು ಹಿಡಿ ಸುಮ್ಮನೆ ದಂಡ ಯಾಕೆ ಅಂತ... ಯಾವತ್ತೂ ಇಟ್ಟಿಲ್ಲ. ಅವತ್ತಿನ ಉಸಲಿ ಹಿಂದಿನ ದಿನದ್ದು. ನಿಂಬೆಹಣ್ಣು ಹಿಂಡಿ ಒಗ್ಗರಣೆ ಹಾಕಿದ್ದೆ."

"ಒಂದು ಹಿಡಿ ಉಳಿಸೋಕೆ ಹೋಗಿ ಮರ್ಯಾದೆನೇ ಕಳಕೊಂಡೆಯಲ್ಲೋ!" ಎಂದಳು ದೊಡ್ಡಮ್ಮ. ಆಮೇಲೆ ತೀರ್ಪು ಹೇಳಿದಳು. "ನಿನಗೆ ಹೊಡೆಸಿದ್ರೆ ಇವರಿಗೆ ಏನು ಬಂತು? ಇವರು ಕಳಕೊಂಡಿದ್ದು ದಿನಗಳು. ಅದನ್ನೇ ತುಂಬಿಕೊಡು. ಪುಟ್ಟತಾಯಿಗೆ, ಮುಂಗುಸಿಗೆ, ಮೊಲಕ್ಕೆ ತಲಾ ಮೂರು ದಿನ ಅವರು ಹೇಳಿದ ಕೆಲಸ ಮಾಡು. ಅದಕ್ಕೂ ಮೊದಲು ಹೊನ್ನಯ್ಯನ ಗೂಡು ಮುಗಿಯಬೇಕು. ಹುಲ್ಲು ನೀನು ಕಿತ್ತು ತರ್ತೀಯ, ಅವನು ಹೆಣೀತಾನೆ. ಅಲ್ಲಿವರೆಗೆ ನಿನ್ನ ಹೋಟೆಲಿನ ಒಲೆ ಉರಿಯೋ ಹಾಗಿಲ್ಲ."

ಮರುದಿನ ಬೆಳಗಿನಿಂದ ಕಾಡಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಜಂಬಯ್ಯ ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಹೊಳೆಯಿಂದ ಜಾಲಿಮರಕ್ಕೆ, ಜಾಲಿಮರದಿಂದ ಹೊಳೆಗೆ ಓಡಾಡಿದ. "ಇದು ಬಲಿತಿದೆ, ಬೇಡ. ಇದು ಎಳಸು, ಬೇಡ" ಎಂದು ಹೊನ್ನಯ್ಯ ಮೇಲಿನಿಂದ ಆರಿಸಿ ಕೆಳಗೆ ಹಾಕುತ್ತಿದ್ದ. ಜಂಬಯ್ಯ ಗೊಣಗುತ್ತ ಮತ್ತೆ ಹೋಗುತ್ತಿದ್ದ. ಐನೂರು ಸಲ ಹಾರುವ ಕೆಲಸ ತಪ್ಪಿದ್ದರಿಂದ ಗೂಡು ಬೇಗಬೇಗ ಏರಿತು. ಅಂಥ ಹಸಿರಾದ, ಬಿಗಿಯಾದ ಗೂಡನ್ನು ಹೊನ್ನಯ್ಯ ಹಿಂದೆಂದೂ ಹೆಣೆದಿರಲಿಲ್ಲ. ಅವನಿಗೇ ಖುಷಿಯಾಗಿ ಅದರ ಸುತ್ತ ಎರಡು ಸಲ ಹಾರಿ ನೋಡಿದ.

ಒಂದು ಬೆಳಿಗ್ಗೆ ಹೆಣ್ಣು ಗೀಜಗ ಬಂದಳು. ಹುಲ್ಲು ಎಳೆದಳು. ಗೋಡೆ ಕುಕ್ಕಿದಳು. ತೂಗುಬಿದ್ದು ಜಗ್ಗಿದಳು. ಹೊನ್ನಯ್ಯ ಉಸಿರು ಬಿಗಿಹಿಡಿದ. ಕೆಳಗೆ ಜಂಬಯ್ಯನೂ ಉಸಿರು ಬಿಗಿಹಿಡಿದ, ಯಾಕೆಂದರೆ ಅವಳು ಒಪ್ಪಿದರೆ ಅವನ ಪಾಡೂ ಅರ್ಧ ಮುಗಿಯುತ್ತಿತ್ತು. ಅವಳು ಒಳಗೆ ಹೋದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹೊನ್ನಯ್ಯನ ಮುಖ ಅರಳಿತು.

"ಮುಗೀತಲ್ಲಮ್ಮಾ? ನಾನು ಹೊರಡಲಾ?" ಎಂದು ಜಂಬಯ್ಯ ಕೆಳಗಿನಿಂದ ಕೂಗಿದ.

ಗೂಡಿನಿಂದ ಪುಟ್ಟ ತಲೆಯೊಂದು ಇಣುಕಿತು. "ಗೂಡು ಚೆನ್ನಾಗಿದೆ. ಬಾಗಿಲ ಕೊಳವೆ ಮಾತ್ರ ಇನ್ನೊಂದು ಗೇಣು ಉದ್ದ ಬೇಕು. ಇನ್ನೆರಡು ಹೊರೆ ಹುಲ್ಲು ತನ್ನಿ, ಹಸಿಯದು!"

ನೀತಿ: ಕೆಟ್ಟದ್ದನ್ನು ಬಡಿಸಿದವರು ಅದರಿಂದಾದ ನಷ್ಟವನ್ನು ತುಂಬಿಕೊಡಲೇಬೇಕು; ಅನ್ಯಾಯಕ್ಕೊಳಗಾದವರು ಹೆದರಿ ಸುಮ್ಮನಿರದೆ, ಸತ್ಯವನ್ನು ಮುಂದಿಟ್ಟು ನ್ಯಾಯ ಕೇಳಬೇಕು.